ಮಗು ವಾಂತಿ ಮಾಡ್ತಿದೆಯಾ? ಚಮಚ ತಗೊಳ್ಳಿ

ವಾಂತಿ ಆದ ಮಗುವಿಗೆ ಬಾಯಾರಿಕೆ ಜಾಸ್ತಿ. ಪಾಪ ಅಂತ ನಾವು ಲೋಟ ತುಂಬಾ ನೀರು ಕೊಡ್ತೀವಿ, ಅದು ಗಟಗಟ ಕುಡಿದು ಎರಡೇ ನಿಮಿಷಕ್ಕೆ ಎಲ್ಲಾ ಹೊರಗೆ ಹಾಕುತ್ತೆ, ಆಮೇಲೆ 'ಹೊಟ್ಟೇಲಿ ಏನೂ ನಿಲ್ತಿಲ್ಲ' ಅಂತ ಗಾಬರಿ. ಲೋಟ ಪಕ್ಕಕ್ಕಿಡಿ.

ವಾಂತಿಯಾದ ಮೇಲೆ ಒಂದು 10 ನಿಮಿಷ ಸುಮ್ನಿರಿ. ಆಮೇಲೆ ಓಆರ್‌ಎಸ್ (ಪ್ಯಾಕೆಟ್ಟಿನ ಉಪ್ಪು-ಸಕ್ಕರೆ ಪುಡಿ ಕರಗಿಸಿದ ನೀರು) ಒಂದು ಟೀ ಚಮಚ, ಒಂದೆರಡು ನಿಮಿಷ ಬಿಟ್ಟು ಇನ್ನೊಂದು. ಮತ್ತೆ ವಾಂತಿಯಾದರೆ ಮತ್ತೆ 10 ನಿಮಿಷ ಕಾದು, ಇನ್ನೂ ನಿಧಾನವಾಗಿ ಶುರು ಮಾಡಿ. ಕೈ ನೋಯುತ್ತೆ, ಬೇಜಾರೂ ಆಗುತ್ತೆ, ಆದ್ರೆ ಹೊಟ್ಟೆಯಲ್ಲಿ ನಿಲ್ಲೋದು ಹೀಗೇ. ಅಜ್ಜಿ ದೃಷ್ಟಿ ತೆಗೀತೀನಿ ಅಂದ್ರೆ ತೆಗೀಲಿ, ಚಮಚ ನಿಲ್ಲಿಸಬೇಡಿ.

ದೊಡ್ಡ ಪ್ಯಾಕೆಟ್ ಪೂರ್ತಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ, ಚಿಕ್ಕದಾದರೆ 200 ಮಿ.ಲೀ.ಗೆ, ಎಷ್ಟಕ್ಕೆ ಅಂತ ಪ್ಯಾಕೆಟ್ ಮೇಲೇ ಇರುತ್ತೆ. ಸ್ವಲ್ಪ ಪುಡಿ ಸ್ವಲ್ಪ ನೀರು ಅಂತ ಅಂದಾಜಿಗೆ ಕಲಸಿದರೆ ಉಪ್ಪು ಹೆಚ್ಚಾಗಿ ತೊಂದರೆ. 24 ಗಂಟೆ ಆದಮೇಲೆ ಉಳಿದದ್ದನ್ನು ಚೆಲ್ಲಿ. ಆಶಾ ಕಾರ್ಯಕರ್ತೆ ಹತ್ರ ಪುಕ್ಕಟೆ ಸಿಗುತ್ತೆ, ಮಳೆ ಹಿಡಿಯೋ ಮೊದಲೇ ನಾಲ್ಕು ತಂದಿಡಿ. ಮಳೆಗಾಲದ ಕೆಂಪು ಬಾವಿ ನೀರನ್ನಂತೂ ಕುದಿಸದೆ ಕೊಡಲೇಬೇಡಿ.

ಎದೆಹಾಲು ನಿಲ್ಲಿಸಬಾರದು. ಸ್ವಲ್ಪ ಸುಧಾರಿಸಿದರೆ ಗಂಜಿ, ಮೊಸರನ್ನ, ಬಾಳೆಹಣ್ಣು. ಮಲೆನಾಡಲ್ಲಿ ಜೇನು ಎಲ್ಲದಕ್ಕೂ ಮದ್ದು ಅಲ್ವಾ, ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ನೆಕ್ಕಿಸಬೇಡಿ. ದೊಡ್ಡವರ ವಾಂತಿ ಮಾತ್ರೆ ಮುರಿದು ಕೊಡೋದಂತೂ ಬೇಡವೇ ಬೇಡ.

ವಾಂತಿ ಹಸಿರಾಗಿದೆ ಅಥವಾ ರಕ್ತ ಇದೆ, ಆರೆಂಟು ಗಂಟೆಯಿಂದ ಉಚ್ಚೆ ಹೊಯ್ದಿಲ್ಲ, ಅತ್ತರೂ ಕಣ್ಣೀರಿಲ್ಲ, ಕಣ್ಣು ಗುಳಿ ಬಿದ್ದಿದೆ, ಮಗು ಎಬ್ಬಿಸಿದರೂ ಏಳದೆ ಜೋಲು ಬಿದ್ದಿದೆ, ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿ ಶುರುವಾಗಿದೆ: ಇದರಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ. ಮೂರು ತಿಂಗಳೊಳಗಿನ ಕೂಸಾದರೆ ಇಷ್ಟೆಲ್ಲ ಕಾಯಲೂಬೇಡಿ. ಹಳ್ಳ ದಾಟಿ ಹೋಗಬೇಕಾದ ಮನೆಯವರು ಬೆಳಕಿರುವಾಗಲೇ ಹೊರಡೋದು ಒಳ್ಳೇದು.

ಆಗುಂಬೆ ಘಾಟಿ ಇಳಿವಾಗ ಆಗೋ ವಾಂತಿ ಬೇರೆ. ಒಳಕಿವಿಗೆ ಗಾಡಿ ತಿರುಗೋದು ಗೊತ್ತಾಗುತ್ತೆ, ಮೊಬೈಲ್ ನೋಡೋ ಕಣ್ಣಿಗೆ ಗೊತ್ತಾಗಲ್ಲ, ಅದಕ್ಕೇ ಹೊಟ್ಟೆ ತೊಳಸೋದು. ಮೊಬೈಲ್ ಕಿತ್ಕೊಂಡು ಎದುರಿನ ರಸ್ತೆ ದೂರಕ್ಕೆ ನೋಡೋಕೆ ಹೇಳಿ, ಗಾಜು ಇಳಿಸಿ. ಎಣ್ಣೆ ತಿಂಡಿ ಬಿಟ್ಟು ಎರಡು ಇಡ್ಲಿ ತಿನ್ನಿಸಿ ಹೊರಡಿ. ತಿರುವುಗಳು ಶುರುವಾಗೋ ಮೊದಲೇ ಒಂದು ಪ್ಲಾಸ್ಟಿಕ್ ಕವರ್ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ.