ಕೊಡಗಿನಲ್ಲಿ ವಲಸೆಯ ಜಾಡು ಹಿಡಿಯುವ ಬಗೆ: ನನ್ನ ಅನುಭವ

ಬುಡಕಟ್ಟುಗಳ ವಲಸೆ ಹುಡುಕಹೊರಟವರು ಹೆಚ್ಚಾಗಿ ಐತಿಹ್ಯದಿಂದ ಶುರುಮಾಡುತ್ತಾರೆ. ನಾನು ಅದನ್ನು ಕೊನೆಗಿಡುತ್ತೇನೆ. ಕತೆಯೊಂದು ತಲೆಯೊಳಗೆ ಕೂತರೆ ಹೆಸರುಗಳಲ್ಲೂ ಕಲ್ಲುಗಳಲ್ಲೂ ಅದೇ ಕಾಣತೊಡಗುತ್ತದೆ.

ಮೊದಲಿಗೆ ಬುಡಕಟ್ಟುಗಳ ಹೆಸರು. ಹೆಸರಿಗೊಂದು ಚೀಟಿ, ಚೀಟಿಗೆ ಮೂರು ಸಾಲು: ಆ ಜನ ತಮ್ಮನ್ನು ಏನೆಂದುಕೊಳ್ಳುತ್ತಾರೆ, ನೆರೆಯವರು ಏನೆನ್ನುತ್ತಾರೆ, ದಾಖಲೆಯಲ್ಲಿ ಏನಿದೆ. ಕೊಡಗಿನ ಒಂದು ಬುಡಕಟ್ಟಿನ ಹೆಸರಾದ ‘ಎರವ’ ನೆರೆಯವರ ಸಾಲಿಗೆ ಸೇರಿದ್ದು. ‘ಎರವಲು’ ಪದದಿಂದ ಬಂತೆಂಬ ವಿವರಣೆ ನಿಜವೇ ಆಗಿದ್ದರೂ ಅದು ಕರೆದವರ ಬುದ್ಧಿ ಹೇಳೀತು, ಕರೆಸಿಕೊಂಡವರ ಮೂಲವನ್ನಂತೂ ಹೇಳದು. ಎರವರಲ್ಲೇ ಒಂದು ಪಂಗಡವಾದ ಪಂಜಿರಿ ಎರವರು ತಮ್ಮನ್ನು ರಾವುಳ ಎಂದುಕೊಳ್ಳುತ್ತಾರೆ. ಬ್ರಹ್ಮಗಿರಿ ಬೆಟ್ಟದಾಚೆ ಕೇರಳದ ವಯನಾಡಿನಲ್ಲಿ ಅಡಿಯರೆಂದು ದಾಖಲಾದವರೂ ರಾವುಳರೇ. ಇನ್ನೊಂದು ಪಂಗಡವಾದ ನಮ್ಮ ಪಣಿ ಎರವರು ಅಲ್ಲಿ ಪಣಿಯರು. ಸರ್ಕಾರಿ ಪಟ್ಟಿ ನೋಡಿ ಚೀಟಿ ಬರೆದರೆ ಒಂದೇ ಜನ ಎರಡಾಗಿಬಿಡುತ್ತಾರೆ. ಮೂರೂ ಸಾಲು ಕೂಡಿಸಿ ನೋಡಿದರೆ ನಂಟು ಗೊತ್ತಾಗುತ್ತದೆ. ಯಾರು ಯಾವ ಕಡೆಯಿಂದ ಬೆಟ್ಟ ದಾಟಿದರೆಂಬುದು ಇದೊಂದರಿಂದ ತಿಳಿಯದು.

ಊರ ಹೆಸರಿನಲ್ಲಿ ಮೊದಲು ಪಕಾರ ನೋಡುತ್ತೇನೆ. ಕನ್ನಡದಲ್ಲಿ ಅದು ಹಕಾರವಾಯಿತು, ಕೊಡವರ ನುಡಿಯಾದ ಕೊಡವ ತಕ್ಕ್‌ನಲ್ಲಿ ಉಳಿಯಿತು. ‘ಪ’ ಕಂಡ ಕೂಡಲೇ ಕೊಡವರು ಇಟ್ಟ ಹೆಸರೆಂದು ಹಿಗ್ಗಬೇಡಿ, ಹಳಗನ್ನಡದಲ್ಲೂ ‘ಪ’ ಇತ್ತು. ಬಿಳಿಯೂರಿನ ಕ್ರಿ.ಶ. 888ರ ಗಂಗರ ಕನ್ನಡ ಶಾಸನದಲ್ಲೇ ‘ಪೆದ್ದೊರೆಗರೆ’ ಇದೆ. ‘ಕೇರಿ’ಯೂ ಅಷ್ಟೇ. ತಮಿಳು, ಮಲಯಾಳಗಳಲ್ಲಿ ಅದು ಚೇರಿ. ಕನ್ನಡ, ಕೊಡವ ಎರಡರಲ್ಲೂ ಕೇರಿ. ಹಾಗಾಗಿ ಅದು ಇವೆರಡನ್ನು ಬೇರ್ಪಡಿಸಲು ಕೆಲಸಕ್ಕೆ ಬರುವುದಿಲ್ಲ.

ಒಕ್ಕದ, ಅಂದರೆ ಕೊಡವ ಮನೆತನದ, ಹೆಸರನ್ನು ರಕ್ತಸಂಬಂಧವೆಂದು ಓದುವುದು ಇನ್ನೊಂದು ಎಡವಟ್ಟು. ಒಕ್ಕ ಪರಿಜೆ ಎಂಬ ಬಗೆಯ ಮದುವೆಯಲ್ಲಿ ಗಂಡು ಹೆಂಡತಿಯ ಒಕ್ಕಕ್ಕೆ ಸೇರುತ್ತಾನೆ, ಮಕ್ಕಳಿಗೆ ಆ ಒಕ್ಕದ ಹೆಸರು. ಹೆಸರು ಐನ್‌ಮನೆಯಲ್ಲೇ (ಒಕ್ಕದ ಮೂಲಮನೆಯಲ್ಲೇ) ಉಳಿದಿರುತ್ತದೆ, ಗಂಡುಸಂತತಿ ಬೇರೆ ನಾಡಿನದಾಗಿರುತ್ತದೆ. ಆದ್ದರಿಂದ ಐನ್‌ಮನೆ, ಕೈಮಡ (ಹಿರಿಯರ ಗುಡಿ), ತೂಟಂಗಳ (ಒಕ್ಕದ ಮಸಣ) ಮೂರನ್ನೂ ನಕ್ಷೆಯಲ್ಲಿ ಬೇರೆಬೇರೆಯಾಗಿ ಗುರುತಿಸಿ. ತೂಟಂಗಳ ಮಾತ್ರ ದೂರದ ಊರಿನಲ್ಲಿದ್ದರೆ ಅಲ್ಲಿ ಕೇಳಲು ಒಳ್ಳೆಯ ಪ್ರಶ್ನೆಯೊಂದು ಸಿಕ್ಕಿತೆಂದೇ ಲೆಕ್ಕ.

ಸೋಮವಾರಪೇಟೆ ಬಳಿಯ ದೊಡ್ಡಮಳ್ತೆಯ ಮೋರಿಬೆಟ್ಟದಲ್ಲಿರುವಂಥ ಕಲ್ಮನೆಗಳಿಗೆ (ಚಪ್ಪಡಿಗಲ್ಲಿನ ಹಳೆಯ ಸಮಾಧಿಗಳಿಗೆ) ಫೆಬ್ರವರಿಯಲ್ಲಿ ಹೋಗಬೇಕು. ಕುರುಚಲು ಒಣಗಿರುತ್ತದೆ, ಜಿಗಣೆ ಕಾಟವಿಲ್ಲ. ಐದು ಮೀಟರಿನ ಬಟ್ಟೆ ಟೇಪು, ದಿಕ್ಸೂಚಿ, ಅಳತೆಕಡ್ಡಿ ಸಾಕು. ಮುಚ್ಚುಗಲ್ಲಿನ ಉದ್ದ, ಅಗಲ ಅಳೆಯಿರಿ. ದಪ್ಪ ಮಾತ್ರ ಮೂರು ಕಡೆ, ಏಕೆಂದರೆ ಅಂಚು ಸವೆದಿರುತ್ತದೆ. ಮುಂಗಲ್ಲಿನಲ್ಲಿ ಕಂಡಿಯಿದ್ದರೆ (ಕೊರೆದ ತೂತು) ಅದು ಮುಖಮಾಡಿದ ದಿಕ್ಕನ್ನೂ ಬರೆದುಕೊಳ್ಳಿ. ಇಲ್ಲೇ ಮೋಸಹೋಗುವುದು: ನಿಧಿಗಳ್ಳರು ಕಿತ್ತ ಕಲ್ಲನ್ನು ಯಾರೋ ಒರಗಿಸಿಟ್ಟಿರುತ್ತಾರೆ. ಬುಡ ಮಣ್ಣಿನಲ್ಲಿ ಗಟ್ಟಿಯಾಗಿ ಹೂತಿಲ್ಲದಿದ್ದರೆ ದಿಕ್ಕಿನ ಕಾಲಂ ಖಾಲಿ ಬಿಡಿ. ದಿಕ್ಸೂಚಿ ನೋಡುವಾಗ ಮೊಬೈಲು, ಕತ್ತಿ ದೂರವಿರಲಿ. ಅಗೆಯುವುದಂತೂ ಕೂಡದು, ಕಾನೂನೂ ಒಪ್ಪದು. ದಕ್ಷಿಣ ಭಾರತದ ಇಂಥ ಸಮಾಧಿಗಳು ಬಹುಪಾಲು ಕ್ರಿಸ್ತಪೂರ್ವದವು. ಪಕ್ಕದ ತೋಟದವರ ಅಜ್ಜನಿಗೆ ಅವನ್ನು ಕಟ್ಟಿಕೊಡಲು ಎರಡು ಸಾವಿರ ವರ್ಷದ ಕೊಂಡಿ ಬೇಕು. ಜನ ‘ಪಾಂಡವರದು’ ಎಂದರೆ ‘ನಮ್ಮವರದಲ್ಲ’ ಎಂದೇ ನಾನು ಬರೆದುಕೊಳ್ಳುವುದು.

ಕೊನೆಗೆ ಐತಿಹ್ಯ. ಕತೆಗಳಲ್ಲಿ ಕೊಡವರ ದೇವರು ಇಗ್ಗುತ್ತಪ್ಪನದು ನಕ್ಷೆಗೆ ಒಗ್ಗುತ್ತದೆ. ಒಡಹುಟ್ಟಿದ ದೇವರುಗಳಲ್ಲಿ ಕೆಲವರು ಮಲಯಾಳದಲ್ಲೇ ನಿಂತರು. ಇಗ್ಗುತ್ತಪ್ಪ ಕೊಡಗಿನ ಪಾಡಿಗೆ, ಪಾಲೂರಪ್ಪ ಪಾಲೂರಿಗೆ ಬಂದರು. ಇಂದಿಗೂ ಕಣ್ಣೂರು ಜಿಲ್ಲೆಯ ಪಯ್ಯಾವೂರಿನ ಉತ್ಸವಕ್ಕೆ ಕೊಡಗಿನಿಂದ ಎತ್ತಿನ ಮೇಲೆ ಅಕ್ಕಿ ಇಳಿಯುತ್ತದೆ. ದಾರಿ ಇತ್ತೆನ್ನಲು ಇಷ್ಟು ಸಾಕು. ಆದರೆ ದೇವರು ಹತ್ತುತ್ತಾನೆ, ಅಕ್ಕಿ ಇಳಿಯುತ್ತದೆ. ಜನ ಯಾವ ಕಡೆ ನಡೆದರೆಂದು ಎರಡೂ ಹೇಳುವುದಿಲ್ಲ. ನನ್ನ ನಕ್ಷೆಯಲ್ಲಿ ಆ ಗೆರೆ ಪೆನ್ಸಿಲಿನದು, ತುದಿಗೆ ಬಾಣವಿಲ್ಲ.