ಬ್ರೇಕಿನ ಗಾಳಿ ತೆಗೆಯುವಾಗ: ಪೆಡಲ್ ಮೇಲಿನ ಕಾಲು, ನಿಪ್ಪಲ್ ಮೇಲಿನ ಕೈ

ಕಾರಿನ ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಗಟ್ಟಿಯಾಗುತ್ತದೆ ಅಂದರೆ ಪೈಪಿನಲ್ಲಿ ಗಾಳಿ ಸೇರಿದೆ ಎಂದೇ ಮೊದಲ ಅನುಮಾನ. ಬ್ರೇಕ್ ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಕಾಲಿನ ಬಲ ಆ ಗುಳ್ಳೆಯನ್ನು ಹಿಂಡುವುದಕ್ಕೇ ಮುಗಿದುಹೋಗುತ್ತದೆ. ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಪೆಡಲ್ ಒತ್ತಿ ಹಿಡಿದಿದ್ದಾಗ ಅದು ತಾನಾಗಿ ನಿಧಾನವಾಗಿ ಕೆಳಗಿಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲನ್ನು ಪೈಪುಗಳಿಗೆ ತಳ್ಳುವ ಭಾಗ) ಒಳಗಿನ ರಬ್ಬರ್ ಸೀಲು ಸವೆದಿದೆ. ಅಂಥದ್ದಕ್ಕೆ ಎಷ್ಟು ಬ್ಲೀಡಿಂಗ್ (ಗಾಳಿ ತೆಗೆಯುವ ಕೆಲಸ) ಮಾಡಿದರೂ ಆಯಿಲ್ ದಂಡ, ಮೊದಲು ಆ ಭಾಗ ರಿಪೇರಿಯಾಗಬೇಕು. ಹಿಂದಿನ ಚಕ್ರಗಳಲ್ಲಿ ಡ್ರಮ್ ಬ್ರೇಕ್ ಇದ್ದು ಅದರ ಶೂಗಳು (ಡ್ರಮ್ಮಿಗೆ ಒತ್ತುವ ಪಟ್ಟಿಗಳು) ಸವೆದು ಡ್ರಮ್ಮಿನಿಂದ ದೂರ ಸರಿದಿದ್ದರೂ ಪೆಡಲ್ ಆಳಕ್ಕೆ ಹೋಗುತ್ತದೆ. ಆದ್ದರಿಂದ ಶೂ ಅಡ್ಜಸ್ಟ್ ಮಾಡಿಕೊಂಡೇ ಮುಂದಿನ ಕೆಲಸ.

ಯಾವ ಆಯಿಲ್ ಎಂಬುದು ಮಾಸ್ಟರ್ ಸಿಲಿಂಡರಿಗೆ ಆಯಿಲ್ ಕೊಡುವ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಗ್ಲೈಕಾಲ್ ಜಾತಿಯವು. ಡಾಟ್ 5 ಮಾತ್ರ ಸಿಲಿಕೋನ್. ಹೆಸರು ಹತ್ತಿರವಿದೆ ಎಂದು ಅದನ್ನು ಉಳಿದವುಗಳ ಜೊತೆ ಬೆರೆಸಬೇಡಿ. ಗ್ಲೈಕಾಲ್ ಆಯಿಲ್ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ಅದೇ 3.7 ಶೇಕಡಾ ನೀರು ಸೇರಿತೆಂದರೆ 155 ಡಿಗ್ರಿ ತಾಳಿದರೆ ಸಾಕು ಎಂಬಷ್ಟಕ್ಕೆ ಇಳಿಯುತ್ತದೆ. ಉದ್ದನೆಯ ಘಾಟಿ ಇಳಿಜಾರಿನಲ್ಲಿ ಬ್ರೇಕ್ ಕಾದು ಆಯಿಲ್ ಕುದ್ದರೆ ಆವಿಯ ಗುಳ್ಳೆಗಳೆದ್ದು ಪೆಡಲ್ ನೆಲಕ್ಕೆ ಕೂರುತ್ತದೆ. ಹಾಗಾಗಿ ಸೀಲ್ ಒಡೆದು ತಿಂಗಳುಗಟ್ಟಲೆ ಇಟ್ಟ ಬಾಟಲಿಯ ಆಯಿಲ್ ಹಾಕಬೇಡಿ, ಸೀಲ್ ಇರುವ ಹೊಸದನ್ನೇ ತನ್ನಿ. ಗಾಳಿ ತೆಗೆಯುವುದಕ್ಕಷ್ಟೇ ಆದರೆ ಅರ್ಧ ಲೀಟರ್ ಸಾಕಾಗುತ್ತದೆ, ಹಳೆಯದನ್ನು ಪೂರ್ತಿ ಬದಲಿಸುವುದಾದರೆ ಒಂದು ಲೀಟರ್ ಇಟ್ಟುಕೊಳ್ಳಿ. ಇಂಜಿನ್ ಆಯಿಲ್ ಮುಟ್ಟಿದ ಆಲಿಕೆಯನ್ನು ಇದಕ್ಕೆ ಬಳಸಲೇಬೇಡಿ. ಆ ಜಿಡ್ಡಿಗೇ ಸೀಲುಗಳು ಊದಿಕೊಳ್ಳುತ್ತವೆ.

ಕಾರು ಸಮನೆಲದಲ್ಲಿರಲಿ. ಎತ್ತದ ಚಕ್ರಗಳಿಗೆ ಅಡ್ಡ ಕೊಟ್ಟು, ಜಾಕ್ ಹಾಕಿ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿದ ಮೇಲೆಯೇ ಚಕ್ರ ಬಿಚ್ಚಿ. ಬರೀ ಜಾಕ್ ನಂಬಿ ಕೈ ಒಳಗೆ ಹಾಕುವುದು ಬೇಡ. ನಿಪ್ಪಲ್ (ಪ್ರತಿ ಚಕ್ರದ ಬ್ರೇಕಿನಲ್ಲಿ ಗಾಳಿ, ಆಯಿಲ್ ಹೊರಬಿಡುವ ತೂತಿನ ಸ್ಕ್ರೂ) ಬಹಳ ದಿನದಿಂದ ತೆರೆಯದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಆಯಿಲ್ ಬಿಟ್ಟಿರಿ. ಬಿಚ್ಚುವುದಕ್ಕೆ ತೆರೆದ ಬಾಯಿಯ ಸ್ಪ್ಯಾನರ್ ಬೇಡ, ಮೂಲೆ ಸವೆದು ದುಂಡಗಾಗುತ್ತದೆ. ಸರಿಯಾದ ಅಳತೆಯ ರಿಂಗ್ ಸ್ಪ್ಯಾನರೇ ಬೇಕು, ಹೆಚ್ಚಾಗಿ 8 ಅಥವಾ 10 ಮಿಮೀ ಹೊಂದುತ್ತದೆ. ಜಗ್ಗದಿದ್ದರೆ ಮೊದಲು ಒಂದಿಷ್ಟು ಬಿಗಿಮಾಡುವ ಕಡೆಗೆ ಅಲುಗಿಸಿ, ಆಮೇಲೆ ಸಡಿಲಿಸಿ. ಮುರಿದರೆ ಕ್ಯಾಲಿಪರನ್ನೇ (ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ) ಬಿಚ್ಚಬೇಕಾದೀತು.

ಯಾವ ಚಕ್ರ ಮೊದಲು? ಮ್ಯಾನುವಲ್ ಹೇಳಿದ್ದೇ ಅಂತಿಮ. ಅದರಲ್ಲಿ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಹತ್ತಿರದ್ದಕ್ಕೆ ಬನ್ನಿ. ಸ್ಟೀರಿಂಗ್ ಬಲಗಡೆ ಇರುವ ಕಾರಿಗೆ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ.

ಇಂಜಿನ್ ಆಫ್ ಮಾಡಿ, ಪೆಡಲನ್ನು ಐದಾರು ಸಲ ಒತ್ತಿ ಬೂಸ್ಟರಿನ (ಕಾಲಿನ ಬಲ ಹೆಚ್ಚಿಸುವ ಭಾಗ) ವ್ಯಾಕ್ಯೂಮ್ ಖಾಲಿ ಮಾಡಿ. ನಿಪ್ಪಲಿಗೆ ಸ್ಪ್ಯಾನರ್ ಹಾಕಿಟ್ಟು, ಅದರ ತುದಿಗೆ ಬಿಗಿಯಾಗಿ ಕೂರುವ ಪಾರದರ್ಶಕ ಪೈಪ್ ಸಿಕ್ಕಿಸಿ. ಪೈಪ್ ಮೊದಲು ಸ್ವಲ್ಪ ಮೇಲಕ್ಕೆ ಹೋಗಿ ಆಮೇಲೆ ಬಾಟಲಿಗೆ ಇಳಿಯಬೇಕು, ಅದರ ತುದಿ ಬಾಟಲಿಯ ತಳದಲ್ಲಿ ಹಾಕಿದ ಹೊಸ ಆಯಿಲಿನಲ್ಲಿ ಮುಳುಗಿರಬೇಕು. ಮೇಲಕ್ಕೆ ಬಾಗಿದ ಆ ಜಾಗದಲ್ಲೇ ಗುಳ್ಳೆ ಕಣ್ಣಿಗೆ ಬೀಳುವುದು.

ಈಗ ಇಬ್ಬರ ಮಾತು ಹೊಂದಬೇಕು. ಕೆಳಗಿರುವವರು "ಒತ್ತು" ಅಂದರೆ ಪೆಡಲ್ ಮೇಲಿರುವವರು ನಿಧಾನವಾಗಿ ಒತ್ತಿ ಹಿಡಿದು "ಹಿಡಿದೆ" ಅನ್ನಬೇಕು. ಕೆಳಗಿನವರು ನಿಪ್ಪಲನ್ನು ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ತೆರೆಯುತ್ತಾರೆ. ಪೆಡಲ್ ತಾನಾಗಿ ಕೆಳಗಿಳಿಯುತ್ತದೆ, ಪೈಪಿನಲ್ಲಿ ಆಯಿಲೂ ಗುಳ್ಳೆಗಳೂ ಓಡುತ್ತವೆ. ಅದು ಇಳಿದು ನಿಲ್ಲುವ ಮುಂಚೆಯೇ ನಿಪ್ಪಲ್ ಮುಚ್ಚಿ "ಬಿಡು" ಎನ್ನಬೇಕು. ಈ ಕ್ರಮ ತಪ್ಪಿ, ನಿಪ್ಪಲ್ ತೆರೆದಿರುವಾಗಲೇ ಕಾಲು ಎತ್ತಿದರೆ ನಿಪ್ಪಲಿನ ದಾರದ ಸಂದಿನಿಂದಲೂ ಗಾಳಿ ವಾಪಸು ಹೀರಿಕೊಳ್ಳುತ್ತದೆ. ಮನೆಯಲ್ಲಿ ಮಾಡಿದ ಬ್ಲೀಡಿಂಗ್ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಪೆಡಲನ್ನು ಎಂದೂ ಮುಟ್ಟದ ಆಳಕ್ಕೆ ತಳ್ಳುವುದೂ ಬೇಡ. ಹಳೆಯ ಸಿಲಿಂಡರಿನಲ್ಲಿ ಸೀಲು ಓಡಾಡದ ಜಾಗ ತುಕ್ಕು ಹಿಡಿದು ಒರಟಾಗಿರುತ್ತದೆ, ಸೀಲು ಅಲ್ಲಿ ಉಜ್ಜಿ ಹರಿಯುತ್ತದೆ. ಪೆಡಲಿನ ಕೆಳಗೆ ಒಂದು ಮರದ ತುಂಡು ಇಟ್ಟರೆ ನಿಶ್ಚಿಂತೆ.

ಐದಾರು ಸಲ ಒತ್ತಿದ ಮೇಲೆ ಒಮ್ಮೆ ಡಬ್ಬಿ ನೋಡಿ ತುಂಬಿಸಿ. ಕನಿಷ್ಠ ಗೆರೆಗಿಂತ ಕೆಳಗೆ ಹೋಗಲು ಬಿಡಬೇಡಿ. ಡಬ್ಬಿ ಬರಿದಾಗಿ ಮಾಸ್ಟರ್ ಸಿಲಿಂಡರ್ ಗಾಳಿ ಎಳೆದುಕೊಂಡರೆ ಮೊದಲಿನಿಂದ ಶುರು. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಯೂನಿಟ್ಟಿನೊಳಗೂ ಗಾಳಿ ಹೊಕ್ಕಿದ್ದರೆ ಕೆಲವು ಕಾರುಗಳಲ್ಲಿ ಸ್ಕ್ಯಾನರ್ ಹಾಕಿ ಅದರ ಪಂಪ್ ಓಡಿಸದೆ ಹೊರಬರುವುದಿಲ್ಲ.

ಒಂದು ಚಕ್ರದಲ್ಲಿ ಎಷ್ಟೇ ಮಾಡಿದರೂ ಗುಳ್ಳೆ ನಿಲ್ಲದಿದ್ದರೆ ಕ್ಯಾಲಿಪರನ್ನು ಒಮ್ಮೆ ನೋಡಿ, ನಿಪ್ಪಲ್ ಮೇಲ್ಭಾಗದಲ್ಲಿ ಇರಬೇಕು. ರಿಪೇರಿ ಮಾಡುವಾಗ ಎಡದ್ದು ಬಲಕ್ಕೆ ಹೋಗಿ ಕೂತಿದ್ದರೆ ಅದು ತಳದಲ್ಲಿರುತ್ತದೆ, ಗಾಳಿ ಮೇಲೇ ಉಳಿಯುತ್ತದೆ. ಬರೀ ಹಿಂದಿನ ಚಕ್ರಗಳಲ್ಲಿ ಆಯಿಲ್ ಕಡಿಮೆ ಬರುತ್ತಿದ್ದರೆ ಇನ್ನೊಂದು ಸಂಗತಿ: ಕೆಲವು ಕಾರುಗಳ ಹಿಂಭಾಗದಲ್ಲಿ ಭಾರಕ್ಕೆ ತಕ್ಕಂತೆ ಒತ್ತಡ ಬಿಡುವ ವಾಲ್ವ್ ಇರುತ್ತದೆ. ಚಕ್ರ ಜೋತಾಡುತ್ತಿದ್ದರೆ ಅದು ದಾರಿ ಕಟ್ಟುತ್ತದೆ, ಆಕ್ಸಲ್ ಕೆಳಗೆ ಆಸರೆ ಕೊಡಿ.

ಪೇಂಟಿನ ಮೇಲೆ ಹನಿ ಬಿದ್ದರೆ ಒರೆಸುತ್ತಾ ಕೂರದೆ ತಕ್ಷಣ ನೀರು ಸುರಿಯಿರಿ. ನಿಪ್ಪಲನ್ನು ಮ್ಯಾನುವಲಿನ ಟಾರ್ಕಿಗೆ ಬಿಗಿಮಾಡಿ. ಅದು ಚಿಕ್ಕ ಸ್ಕ್ರೂ, ಬಲ ತೋರಿಸುವ ಜಾಗವಲ್ಲ. ರಬ್ಬರ್ ಟೋಪಿ ಮರೆಯಬೇಡಿ, ತೂತಿಗೆ ಮಣ್ಣು ಹೋಗದಂತೆ ಕಾಯುವುದು ಅದೇ. ಡಬ್ಬಿಯನ್ನು ಗರಿಷ್ಠ ಗೆರೆಯವರೆಗೆ ತುಂಬಿಸಿ ಮುಚ್ಚಿ, ಇಂಜಿನ್ ಚಾಲೂ ಮಾಡಿ ಪೆಡಲ್ ಒತ್ತಿ ನೋಡಿ. ಮೊದಲು ಒಂದಿಷ್ಟು ತಗ್ಗುವುದು ಸಹಜ, ಬೂಸ್ಟರ್ ಕೆಲಸ ಮಾಡುತ್ತಿದೆ. ಆಮೇಲೆ ಗಟ್ಟಿಯಾಗಿ ನಿಲ್ಲಬೇಕು. ನಿಲ್ಲದಿದ್ದರೆ ಕಾರು ರಸ್ತೆಗಿಳಿಯಕೂಡದು. ನಿಂತರೆ ಖಾಲಿ ಜಾಗದಲ್ಲಿ ನಡೆಯುವ ವೇಗದಲ್ಲಿ ನಾಲ್ಕಾರು ಸಲ ಬ್ರೇಕ್ ಹಾಕಿ, ಬಂದು ನಾಲ್ಕೂ ನಿಪ್ಪಲನ್ನು ಒಣ ಬಟ್ಟೆಯಿಂದ ಒರೆಸಿ, ಬಟ್ಟೆ ಒದ್ದೆಯಾಯಿತೇ ನೋಡಿ.