ಟೋಕನ್ ಕೊಡುವ ಕೈಯಲ್ಲೇ ಪೆಟ್ಟಿಗೆಯ ಕೀಲಿ

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳ್ಳಂದೂರು, ಮಹದೇವಪುರದ ಸುತ್ತಮುತ್ತ ಕೆರೆಗಳು ಕೋಡಿ ಹರಿದು ಬಡಾವಣೆಗಳಿಗೆ ನೀರು ನುಗ್ಗಿದಾಗ ಟಿವಿಯವರು ತೋರಿಸಿದ್ದು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೊರಟ ಸಾಫ್ಟ್‌ವೇರ್ ಉದ್ಯೋಗಿಗಳನ್ನು. ಅದೇ ನೀರು ತಗ್ಗಿನಲ್ಲಿದ್ದ ತಗಡಿನ ಶೆಡ್‌ಗಳಿಗೂ ನುಗ್ಗಿತ್ತು. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಅಲ್ಲಿನ ಕುಟುಂಬಗಳಿಗೆ ದಿನಸಿ ಕಿಟ್ ಹಂಚುತ್ತಿದ್ದ ಒಂದು ಸಣ್ಣ ತಂಡದಲ್ಲಿ ಮಕ್ಕಳ ಸುರಕ್ಷತೆಯ ಹೊಣೆ ನನ್ನದಾಗಿತ್ತು. ನಮ್ಮವರಿಂದಲೇ ಮಕ್ಕಳಿಗೆ ಅಪಾಯವಾಗದಂತೆ ಕಾಯುವ ಕೆಲಸ ಇದು ಎಂದು ನಾನು ವಿವರಿಸಿದಾಗ ಸ್ವಯಂಸೇವಕರಲ್ಲಿ ಹಲವರು ಮುಖ ಸಿಂಡರಿಸಿದರು.

ಅವರಿಗೆ ನಾನು ಪಶ್ಚಿಮ ಆಫ್ರಿಕಾದ ಸಂಗತಿ ಹೇಳಿದೆ. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳ ನಿರಾಶ್ರಿತರ ಶಿಬಿರಗಳಲ್ಲಿ ಆಹಾರ ಹಂಚುವವರೇ ಅದಕ್ಕೆ ಬದಲಾಗಿ ಹೆಣ್ಣುಮಕ್ಕಳನ್ನು ಲೈಂಗಿಕವಾಗಿ ಬಳಸಿಕೊಳ್ಳುತ್ತಿದ್ದುದನ್ನು 2002ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮತ್ತು ಸೇವ್ ದ ಚಿಲ್ಡ್ರನ್ ಜಂಟಿಯಾಗಿ ಬಯಲಿಗೆ ತಂದವು. ಮರುವರ್ಷ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಹೊರಡಿಸಿದ ನಿಯಮಾವಳಿಯು, ಸ್ಥಳೀಯ ಕಾನೂನು ಏನೇ ಹೇಳಲಿ, 18 ವರ್ಷದೊಳಗಿನವರೊಂದಿಗೆ ಲೈಂಗಿಕ ಸಂಪರ್ಕವನ್ನು ನಿಷೇಧಿಸಿತು. ವಯಸ್ಸು ತಪ್ಪಾಗಿ ತಿಳಿದಿದ್ದೆ ಎಂಬ ಸಮಜಾಯಿಷಿಗೂ ಅದರಲ್ಲಿ ಎಡೆಯಿಲ್ಲ. ಇದೇ ನಿಯಮಗಳಿಗೆ ನಮ್ಮ ತಂಡದ ಎಲ್ಲರಿಂದಲೂ ಸಹಿ ಹಾಕಿಸಿಕೊಂಡೆ. ಅಷ್ಟಕ್ಕೇ ಅರ್ಧ ಕೆಲಸ ಮುಗಿಯಿತೆಂದು ಭಾವಿಸಿದ್ದು ನನ್ನ ಮೊದಲ ತಪ್ಪು.

ಎರಡನೆಯದು ದೂರು ಪೆಟ್ಟಿಗೆ. ಕಿಟ್ ಹಂಚುವ ಮೇಜಿನ ಪಕ್ಕದಲ್ಲೇ ಬೀಗ ಹಾಕಿದ ಪೆಟ್ಟಿಗೆಯೊಂದನ್ನು ಇಟ್ಟೆ. ನಾಲ್ಕು ದಿನ ಒಂದು ಚೀಟಿಯೂ ಬೀಳಲಿಲ್ಲ, ಮತ್ತು ಅದನ್ನು ನಾನು ಒಳ್ಳೆಯ ಸುದ್ದಿ ಎಂದೇ ಎಣಿಸಿದೆ. ಐದನೆಯ ದಿನ ಸಾಲಿನಲ್ಲಿದ್ದ ಒಬ್ಬ ತಾಯಿ, ಕಂಕುಳಲ್ಲಿದ್ದ ಮಗುವನ್ನು ಇನ್ನೊಂದು ಬದಿಗೆ ಬದಲಿಸಿಕೊಳ್ಳುತ್ತ, ಸಹಜವಾಗಿ ಕೇಳಿದರು: "ಈ ಪೆಟ್ಟಿಗಿ ಕೀಲಿ ಯಾರ ಕಡೆ ಐತ್ರಿ?" ನಾನು ತಿರುಗಿ ನೋಡಿದೆ. ಟೋಕನ್ ಕೊಡುವವನ ಸೊಂಟದಲ್ಲಿ, ಗೋದಾಮಿನ ಕೀಲಿಗೊಂಚಲಿನ ಜೊತೆಗೇ, ಅದೂ ತೂಗುತ್ತಿತ್ತು. ಯಾರ ಮುನಿಸಿನಿಂದ ನಾಳಿನ ಅಕ್ಕಿ ತಪ್ಪಬಹುದೋ ಅವನ ಕಣ್ಣೆದುರೇ ಅವನ ಮೇಲೆ ಚೀಟಿ ಹಾಕುವವರು ಯಾರು? ಮೇಲಾಗಿ, ಆ ಮಕ್ಕಳಲ್ಲಿ ಬರೆಯಲು ಬರುತ್ತಿದ್ದವರೇ ಕಡಿಮೆ.

ಪೆಟ್ಟಿಗೆಯನ್ನು ಅಂದೇ ತೆಗೆಸಿದೆ. ಕಿಟ್‌ಗೂ ಟೋಕನ್‌ಗೂ ಯಾವ ಸಂಬಂಧವೂ ಇಲ್ಲದ ಹಿರಿಯ ಮಹಿಳೆಯೊಬ್ಬರನ್ನು, ಬೆಳಗ್ಗೆ ನೀರಿನ ಟ್ಯಾಂಕರ್ ಬರುವ ಹೊತ್ತಿಗೆ ಅಲ್ಲಿ ಸುಮ್ಮನೆ ಕೂರಲು ಕೇಳಿಕೊಂಡೆ. ಕೊಡ ತುಂಬುವ ತನಕ ಮಕ್ಕಳು ಬೇಡವೆಂದರೂ ಮಾತಾಡುತ್ತಾರೆ. ಮಕ್ಕಳ ಕೈಗೆ ಕಿಟ್ ಕೊಡುವುದನ್ನು ನಿಲ್ಲಿಸಿದೆವು. ಶೆಡ್‌ಗಳ ನಡುವೆ ಇಬ್ಬರಿಲ್ಲದೆ ಓಡಾಡುವಂತಿರಲಿಲ್ಲ. ಸ್ವಂತ ಫೋನಿನಲ್ಲಿ ಮಕ್ಕಳ ಫೋಟೊ ತೆಗೆಯುವುದೂ ಬಂದ್ ಆಯಿತು, ಅದಕ್ಕಾಗಿಯೇ ಬಂದಿದ್ದ ಇಬ್ಬರು ಮರುದಿನ ಬರಲಿಲ್ಲ. ನಿಜಕ್ಕೂ ಉಪಯೋಗಕ್ಕೆ ಬಂದದ್ದು ಪ್ರತಿಯೊಬ್ಬರ ಜಾಕೆಟ್ಟಿನ ಬೆನ್ನ ಮೇಲೆ ಬಣ್ಣದಲ್ಲಿ ಬರೆಸಿದ ದೊಡ್ಡ ನಂಬರ್. ಹೆಸರು ಗೊತ್ತಿಲ್ಲದ, ಅಕ್ಷರ ಓದಲಾರದ ಮಗುವೂ ನಂಬರನ್ನು ನೆನಪಿಡುತ್ತದೆ.

ಈ ಹೊಸ ವ್ಯವಸ್ಥೆಯ ಮೂರನೆಯ ದಿನವೇ ಟ್ಯಾಂಕರ್ ಬಳಿ ಒಬ್ಬ ಹುಡುಗಿ, ಏಳನೇ ನಂಬರಿನ ಅಣ್ಣ ತನಗೆ ಎರಡು ಪೊಟ್ಟಣ ಬಿಸ್ಕತ್ತು ಕೊಟ್ಟನೆಂದೂ, ಇನ್ನೂ ಬೇಕಿದ್ದರೆ ಸಂಜೆ ಯಾರಿಗೂ ಹೇಳದೆ ಒಬ್ಬಳೇ ಗೋದಾಮಿನ ಹಿಂದೆ ಬಾ ಎಂದನೆಂದೂ ಹೇಳಿದಳು. (ಮಗುವಿನ ಗುರುತು ಸಿಗಬಾರದೆಂದು ನಂಬರನ್ನೂ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ.) ಆ ಮಹಿಳೆ ಹೆಚ್ಚು ಪ್ರಶ್ನೆ ಕೇಳಲಿಲ್ಲ, "ಹೇಳಿದ್ದು ಒಳ್ಳೇದಾಯ್ತು" ಎಂದಷ್ಟೇ ಹೇಳಿ, ಹುಡುಗಿಯ ಮಾತನ್ನು ಅವಳದೇ ಪದಗಳಲ್ಲಿ ನನಗೆ ಬರೆಸಿದರು. ಅವನನ್ನು ಒಂದು ಗಂಟೆಯೊಳಗೆ ಸ್ಥಳದಿಂದ ಕಳುಹಿಸಿದೆ.

ಜಗಳ ಶುರುವಾದದ್ದು ಆಮೇಲೆ. ಏನೂ ನಡೆದಿಲ್ಲವಲ್ಲ, ಹುಡುಗನ ಭವಿಷ್ಯ ಹಾಳಾಗುತ್ತದೆ, ಬರಬೇಡ ಎಂದರೆ ಸಾಕು ಎಂಬುದು ತಂಡದ ಹಿರಿಯರ ವಾದ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಅಪರಾಧ ನಡೆದಾಗ ಮಾತ್ರವಲ್ಲ, ನಡೆಯಬಹುದೆಂಬ ಆತಂಕವಿದ್ದಾಗಲೂ ಪೊಲೀಸರಿಗೆ ತಿಳಿಸಬೇಕೆನ್ನುತ್ತದೆ. ನಡೆದ ಅಪರಾಧವನ್ನು ಮುಚ್ಚಿಟ್ಟವರಿಗೆ 21ನೇ ಸೆಕ್ಷನ್ ಶಿಕ್ಷೆ ವಿಧಿಸುತ್ತದೆ, ಸಂಸ್ಥೆಯ ಮುಖ್ಯಸ್ಥರಿಗೆ ಅದು ಒಂದು ವರ್ಷದವರೆಗೆ ಹೋಗಬಹುದು. ಕಾನೂನಿಗಿಂತ ಅವರನ್ನು ಅಲುಗಾಡಿಸಿದ್ದು ಹೈಟಿಯ ಉದಾಹರಣೆ. 2010ರ ಭೂಕಂಪದ ನಂತರ ಅಲ್ಲಿದ್ದ ಆಕ್ಸ್‌ಫ್ಯಾಮ್‌ನ ಮುಖ್ಯಸ್ಥ ಲೈಂಗಿಕ ದುರ್ನಡತೆಯ ವಿಚಾರಣೆಯ ನಡುವೆ ರಾಜೀನಾಮೆ ಕೊಟ್ಟು ಹೊರಬಂದು, ಬಾಂಗ್ಲಾದೇಶದಲ್ಲಿ ಇನ್ನೊಂದು ನೆರವು ಸಂಸ್ಥೆ ಸೇರಿದ್ದ. ಹಗರಣ ಲೋಕಕ್ಕೆ ತಿಳಿದದ್ದು 2018ರಲ್ಲಿ. ಬರಬೇಡ ಎಂದು ಕಳಿಸಿದವನು ಎಲ್ಲಿಗೆ ಹೋಗುತ್ತಾನೆ ಎಂದು ಕೇಳಿದೆ.

ಅಂದು ಸಂಜೆಯೇ ತಿಳಿಸಿದೆವು. ಮಹಿಳಾ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಸಮವಸ್ತ್ರವಿಲ್ಲದೆ ಶೆಡ್ಡಿಗೇ ಬಂದು, ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿದರು. ವಿಷಯ ಮಕ್ಕಳ ಕಲ್ಯಾಣ ಸಮಿತಿಗೂ ಹೋಯಿತು. ಆ ಮನೆಯ ಕಿಟ್ ಒಂದು ದಿನವೂ ತಪ್ಪದಂತೆ ನಾನೇ ನಿಂತು ನೋಡಿಕೊಂಡೆ. ಉಳಿದವರಿಗಿಂತ ಮೊದಲೂ ಕೊಡಲಿಲ್ಲ, ಹೆಚ್ಚಿಗೂ ಕೊಡಲಿಲ್ಲ. ಕೊಟ್ಟಿದ್ದರೆ ಅಕ್ಕಪಕ್ಕದವರಿಗೆ ಅನುಮಾನ ಬರುತ್ತಿತ್ತು.

ಕೆಲವು ತಿಂಗಳ ಮೇಲೆ ಬೇರೊಂದು ತಂಡದವರು ಫೋನ್ ಮಾಡಿ, ಅವನ ಹೆಸರು ಹೇಳಿ, ಹುಡುಗ ಕೆಲಸದಲ್ಲಿ ಹೇಗೆ ಎಂದು ವಿಚಾರಿಸಿದರು. ಅವನ ಮೇಲೆ ಪೊಲೀಸರಿಗೆ ದೂರು ಹೋಗಿದೆ ಎಂದು ತಿಳಿಸಿದೆ, ಮಗುವಿನ ಬಗ್ಗೆ ಒಂದಕ್ಷರವೂ ಆಡಲಿಲ್ಲ. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವನನ್ನು ಸೋಮವಾರದಿಂದ ಮಕ್ಕಳ ಟ್ಯೂಷನ್‌ಗೆ ಹಾಕಬೇಕೆಂದಿದ್ದೆವು ಎಂದರು.